ಅಡಿಕೆ ಕೊಯ್ಲಿಗೆ ಊರಿಗೆ ಹೊರಟವರಿಗೆ: ತೋಟದಿಂದ ಅಟ್ಟದವರೆಗೆ ಜೋಪಾನದ ಮಾರ್ಗದರ್ಶಿ

ದಸರಾ ಕಳೆಯುತ್ತಿದ್ದಂತೆ ಸಾಗರ, ಸೊರಬ, ಸಿರಸಿ, ಸಿದ್ದಾಪುರ, ತೀರ್ಥಹಳ್ಳಿ, ಕೊಪ್ಪದ ಕಡೆಯ ಮನೆಗಳಿಂದ ಬೆಂಗಳೂರಿಗೆ ಒಂದೇ ಥರದ ಫೋನ್ ಬರತೊಡಗುತ್ತದೆ: "ಕೊನೆಗೌಡ ಮುಂದಿನ ವಾರ ಬರ್ತೆ ಅಂದಿದ್ದಾನೆ, ಕೈಗೆ ಜನ ಇಲ್ಲ, ನಾಲ್ಕು ದಿನ ಬಂದು ಹೋಗು." ಕೊನೆ ಎಂದರೆ ಅಡಿಕೆ ಗೊನೆ, ಕೊನೆಗೌಡ ಎಂದರೆ ಮರ ಹತ್ತಿ ಅದನ್ನು ಕೊಯ್ಯುವವನು. ಇಂಥ ಫೋನಿಗೆ ರಜೆ ಹಾಕಿ ಹೊರಟವರಿಗಾಗಿ ಇದನ್ನು ಬರೆದಿದ್ದೇನೆ. ತೋಟದಲ್ಲೇ ಆಡಿ ಬೆಳೆದವರಿಗೆ ಕೊಯ್ಲು ಹೊಸದಲ್ಲ, ನಿಜ. ಆದರೆ ಹತ್ತು ವರ್ಷ ಕುರ್ಚಿಯಲ್ಲಿ ಕೂತ ಮೈಗೆ ಆ ಕೆಲಸ ಮರೆತುಹೋಗಿರುತ್ತದೆ, ತಲೆಗೆ ಮಾತ್ರ ಎಲ್ಲ ನೆನಪಿರುತ್ತದೆ. ಹೆಚ್ಚಿನ ಪೆಟ್ಟು ಬೀಳುವುದು ಈ ಎರಡರ ನಡುವೆ.

ಆದ್ದರಿಂದ ಮೊದಲ ಮಾತು: ಮರ ಹತ್ತಬೇಡಿ. ಮೊದಲ ವರ್ಷ ದೋಟಿಯನ್ನೂ (ನೆಲದಿಂದಲೇ ಕೊನೆ ಕೊಯ್ಯುವ ಉದ್ದ ಕೋಲು) ಮುಟ್ಟಬೇಡಿ. ಅಪ್ಪನಿಗೆ ನಿಮ್ಮಿಂದ ಬೇಕಾಗಿರುವುದು ಮರದ ಮೇಲಿನ ಸಾಹಸವಲ್ಲ. ನೇಣು (ಕೊನೆ ಇಳಿಸುವ ಹಗ್ಗ) ಹಿಡಿಯುವುದು, ಕೊನೆ ಹೊರುವುದು, ಉದುರಡಿಕೆ ಹೆಕ್ಕುವುದು, ಒಲೆಗೆ ಬೆಂಕಿ ಹಾಕುವುದು, ಒಣಗಿಸುವುದು, ಅಂದರೆ ಕೊಯ್ಲಿನ ಮುಕ್ಕಾಲು ಕೆಲಸ ನೆಲದ ಮೇಲೇ ನಡೆಯುತ್ತದೆ. ಅಲ್ಲೂ ಅಪಾಯ ಕಡಿಮೆಯೇನಿಲ್ಲ.

ಹೊರಡುವ ಮೊದಲೇ ಕೇಳಿಕೊಳ್ಳಬೇಕಾದದ್ದು

ಬಸ್ ಟಿಕೆಟ್ ಮಾಡುವ ಹೊತ್ತಿಗೇ ಮನೆಗೆ ಫೋನ್ ಮಾಡಿ ಮೂರು ವಿಷಯ ತಿಳಿದುಕೊಳ್ಳಿ. ಹಾವಿನ ವಿಷಕ್ಕೆ ಚುಚ್ಚುಮದ್ದು ಹತ್ತಿರದ ಯಾವ ಆಸ್ಪತ್ರೆಯಲ್ಲಿ ದಾಸ್ತಾನಿದೆ? ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ, ತಾಲ್ಲೂಕು ಆಸ್ಪತ್ರೆಯಲ್ಲೋ? ಇದನ್ನು ಕಚ್ಚಿಸಿಕೊಂಡ ಮೇಲೆ ವಿಚಾರಿಸುವುದಲ್ಲ. ಎರಡನೆಯದು, ತೋಟದಲ್ಲಿ ಎಲ್ಲಿ ನಿಂತರೆ ಮೊಬೈಲ್ ಸಿಗ್ನಲ್ ಸಿಗುತ್ತದೆ? ಒಂಟಿಮನೆಗಳ ನಮ್ಮ ಸೀಮೆಯಲ್ಲಿ 108ಕ್ಕೆ ಕರೆ ಮಾಡಲು ದರೆ ಹತ್ತಿ ಓಡಬೇಕಾದ ಜಾಗಗಳು ಈಗಲೂ ಇವೆ. ಆಂಬುಲೆನ್ಸ್ ಎಲ್ಲಿಯವರೆಗೆ ಬರಬಲ್ಲದು, ಅಲ್ಲಿಂದ ಮುಂದೆ ಯಾರ ಜೀಪು ಎಂಬುದೂ ಆಗಲೇ ತೀರ್ಮಾನವಾಗಿರಲಿ. ಮೂರನೆಯದು, ಸುತ್ತಮುತ್ತ ಮಂಗ ಸತ್ತ ಸುದ್ದಿ ಇದೆಯೇ? ಇದರ ಮಾತು ಕೊನೆಯಲ್ಲಿ ಬರುತ್ತದೆ.

ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡು ಹತ್ತು ವರ್ಷವಾಗಿದ್ದರೆ ಇನ್ನೊಮ್ಮೆ ಹಾಕಿಸಿಕೊಳ್ಳಿ. ಚೀಲಕ್ಕೆ ಉದ್ದ ತೋಳಿನ ಹಳೆಯ ಅಂಗಿ, ಉದ್ದ ಪ್ಯಾಂಟು, ಮೊಣಕಾಲಿನವರೆಗಿನ ಗಮ್ ಬೂಟು, ರಬ್ಬರು ಹಿಡಿತದ ಕೈಗವಸು, ಒಳ್ಳೆಯ ಟಾರ್ಚು ಸೇರಲಿ. ಕಟ್ಟಡ ಕೆಲಸದವರು ಹಾಕುವ ಹಳದಿ ಹೆಲ್ಮೆಟ್ ಒಂದೆರಡು ಕೊಂಡೊಯ್ದರೆ ಊರಲ್ಲಿ ನಗುತ್ತಾರೆ. ನಗಲಿ. ಅಡಿಕೆ ಹಾಳೆಯ ಟೊಪ್ಪಿ ಬಿಸಿಲಿಗೆ, ಸೊನೆಗೆ ಚೆನ್ನ. ನಲವತ್ತು ಅಡಿ ಮೇಲಿಂದ ಬೀಳುವ ಕೊನೆಗೆ ಅದು ಯಾವ ಲೆಕ್ಕವೂ ಅಲ್ಲ.

ಕೊಯ್ಲಿನ ಹಿಂದಿನ ದಿನ: ತೋಟಕ್ಕೆ ಒಂದು ಸುತ್ತು

ಸಂಜೆ ಬಿಸಿಲಿರುವಾಗಲೇ ಅಪ್ಪನನ್ನೋ ದೊಡ್ಡಪ್ಪನನ್ನೋ ಕರೆದುಕೊಂಡು ತೋಟ ಸುತ್ತಿ ಬನ್ನಿ. ಒಬ್ಬರೇ ಹೋದರೆ ನೋಡಬೇಕಾದದ್ದು ಕಣ್ಣಿಗೆ ಬೀಳುವುದಿಲ್ಲ.

ಮೊದಲು ಸಂಕ. ಕಾದಿಗೆ, ಅಂದರೆ ತೋಟದ ನೀರುಕಾಲುವೆ, ದಾಟಲು ಹಾಕಿದ ಎರಡು ಅಡಿಕೆ ಮರದ ಸಂಕ ಮಳೆಗಾಲ ಕಳೆಯುವಷ್ಟರಲ್ಲಿ ಒಳಗೇ ಕೊಳೆತಿರುತ್ತದೆ, ಹೊರಗಿನ ಸಿಪ್ಪೆ ಮಾತ್ರ ಗಟ್ಟಿಯಾಗಿ ಕಾಣುತ್ತದೆ. ಬರಿಗೈಯಲ್ಲಿ ದಾಟಿದಾಗ ತಡೆದ ಸಂಕ, ತಲೆಯ ಮೇಲೆ ಹೊರೆ ಇದ್ದಾಗ ಮುರಿಯುತ್ತದೆ. ಕತ್ತಿಯ ತುದಿಯಿಂದ ಚುಚ್ಚಿ ನೋಡಿ. ಮೆತ್ತಗಿದ್ದರೆ ಅಂದೇ ಬದಲಿಸಿ. ಪಾಚಿ ಕಟ್ಟಿದ್ದರೆ ಕೆರೆದು, ಅಡ್ಡಕ್ಕೆ ಗೋಣಿತಾಟು ಸುತ್ತಿ ಬಿಗಿಯಿರಿ.

ಆಮೇಲೆ ಮರ. ಹತ್ತುವುದು ಕೊನೆಗೌಡನೇ ಆದರೂ ಯಾವ ಮರ ಹತ್ತಬಾರದು ಎಂದು ಅವನಿಗೆ ಹೇಳಬೇಕಾದದ್ದು ತೋಟದ ಯಜಮಾನನ ಜವಾಬ್ದಾರಿ. ತೋಟದ ಅಂಚಿನಲ್ಲಿ, ದಕ್ಷಿಣ ಮತ್ತು ನೈಋತ್ಯದ ಬಿಸಿಲು ನೇರ ಹೊಡೆಯುವ ಕಡೆ ನಿಂತ ಮರಗಳ ಕಾಂಡ ಸುಟ್ಟು, ಸೀಳು ಬಿಟ್ಟಿರುತ್ತದೆ. ಮೇಲೆ ಹಸಿರಾಗಿ ಕೊನೆ ಬಿಟ್ಟಿದ್ದರೂ ಅಂಥ ಮರ ನಡುವಿಗೇ ಮುರಿಯಬಲ್ಲದು. ಅಣಬೆ ರೋಗ ಬಂದ ಮರ ಬುಡದಲ್ಲಿ ಕಂದು ರಸ ಸೋರುತ್ತದೆ, ಬುಡದ ಸುತ್ತ ಅಣಬೆ ಎದ್ದಿರುತ್ತದೆ. ಮರಕುಟಿಗ ತೂತು ಮಾಡಿದ ಮರವೂ ಇದೇ ಪಟ್ಟಿಗೆ ಸೇರುತ್ತದೆ. ಅನುಭವಿ ಕೊನೆಗೌಡರು ಹತ್ತುವ ಮೊದಲು ಕತ್ತಿಯ ಹಿಂಬದಿಯಿಂದ ಕಾಂಡವನ್ನು ಬಡಿದು ಕಿವಿಗೊಟ್ಟು ಕೇಳುವುದನ್ನು ಗಮನಿಸಿ: ಗಟ್ಟಿ ಮರ ಟಣ್ ಎನ್ನುತ್ತದೆ, ಟೊಳ್ಳು ಮರ ಬೊದ್ ಎನ್ನುತ್ತದೆ. ಸಂಶಯ ಬಂದ ಮರಕ್ಕೆ ಕೆಂಪು ಬಟ್ಟೆ ಕಟ್ಟಿಬಿಡಿ. ಅದರ ಎರಡು ಕೊನೆ ಹೋದರೆ ಹೋಗಲಿ.

ಕಣಜದ ಗೂಡು, ಹೆಜ್ಜೇನು ಹುಟ್ಟು ಎಲ್ಲಿದೆ ಎಂದೂ ನೋಡಿಟ್ಟುಕೊಳ್ಳಿ. ಮರದ ಮೇಲಿದ್ದವನಿಗೆ ಕಣಜ ಮುತ್ತಿದರೆ ಅವನು ಎರಡೂ ಕೈ ಬಿಡುತ್ತಾನೆ. ಚಗಳಿ (ಮರದ ಕೆಂಪಿರುವೆ) ಕಚ್ಚಿದರೂ ಹಾಗೆಯೇ.

ಕೊನೆಯದಾಗಿ ತಲೆಯೆತ್ತಿ ತಂತಿ ನೋಡಿ. ತೋಟದ ಮೇಲೆ, ಅಂಚಿನಲ್ಲಿ, ಪಂಪ್‌ಸೆಟ್ಟಿನ ಕಡೆ ಹೋದ ಪ್ರತಿ ವಿದ್ಯುತ್ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದು ನಾಳೆ ಕೆಲಸ ಮಾಡುವ ಎಲ್ಲರಿಗೂ ಗೊತ್ತಿರಬೇಕು. ಕಾಡುಹಂದಿಗೆಂದು ಪಕ್ಕದವರು ಬೇಲಿಗೆ ಕರೆಂಟು ಕೊಟ್ಟಿದ್ದಾರೆಯೇ ಎಂದು ಬಾಯಿಬಿಟ್ಟು ಕೇಳಿ. ಬಿಟ್ಟುಬಿಟ್ಟು ಕರೆಂಟು ಹರಿಸುವ ಐಬೆಕ್ಸ್ ಬೇಲಿ ಜುಮ್ ಎನಿಸಿ ಬಿಡುತ್ತದೆ. ನೇರ ಲೈನಿನಿಂದ ಕೊಟ್ಟದ್ದು ಕಾನೂನುಬಾಹಿರ, ಮತ್ತು ಅದು ಜೀವ ತೆಗೆಯುತ್ತದೆ.

ಮರದ ಕೆಳಗೆ: ನೇಣು ಹಿಡಿಯುವವನ ಕೆಲಸ

ಬೆಳಿಗ್ಗೆ ಇಬ್ಬನಿ ಆರುವವರೆಗೆ ಕಾಯಿರಿ. ರಾತ್ರಿ ಮಳೆ ಬಂದಿದ್ದರೆ ಅಂದಿನ ಕೊಯ್ಲನ್ನೇ ಮುಂದೂಡುವುದು ಒಳ್ಳೆಯದು. ಹತ್ತುವವನು ಕಾಲಿಗೆ ಹಾಕಿಕೊಳ್ಳುವ ಬಳೆಯಂಥ ತಳೆ ಒದ್ದೆ ಕಾಂಡದ ಮೇಲೆ ಹಿಡಿಯುವುದಿಲ್ಲ. "ಇಷ್ಟು ದೂರದಿಂದ ಬಂದಿದ್ದೇನೆ, ನಾಡಿದ್ದು ಆಫೀಸು" ಎಂಬ ನಿಮ್ಮ ಅವಸರ ಮರದ ಮೇಲಿನವನಿಗೆ ದಾಟಬಾರದು. ಊರಿಗೆ ಹೋದವರು ತಮಗೆ ಗೊತ್ತಿಲ್ಲದೆಯೇ ಮಾಡುವ ದೊಡ್ಡ ತೊಂದರೆ ಇದು.

ಕೊನೆಗೌಡ ಒಂದು ಮರ ಹತ್ತಿ ಕೊನೆ ಕೊಯ್ದ ಮೇಲೆ ಇಳಿಯುವುದಿಲ್ಲ. ಕೊಕ್ಕೆಯಿಂದ ಪಕ್ಕದ ಮರವನ್ನು ಸೆಳೆದುಕೊಂಡು ಮೇಲಿಂದ ಮೇಲೆಯೇ ದಾಟಿಬಿಡುತ್ತಾನೆ. ಅಂದರೆ ಅಪಾಯದ ಜಾಗವೂ ಅವನ ಜೊತೆಗೇ ಸರಿಯುತ್ತಿರುತ್ತದೆ. ಐದು ನಿಮಿಷದ ಹಿಂದೆ ನಿರಾತಂಕವಾಗಿ ನಿಂತಿದ್ದ ಜಾಗ ಈಗ ಅವನ ಕಾಲಡಿಯಲ್ಲಿರಬಹುದು.

ಕೊನೆಯನ್ನು ಹಗ್ಗದ ಗುಂಟ ಜಾರಿಸಿ ಇಳಿಸುತ್ತಾರೆ. ಆ ಹಗ್ಗದ ಕೆಳತುದಿ ನಿಮ್ಮ ಕೈಯಲ್ಲಿರುತ್ತದೆ. ಮರದ ಬುಡದಿಂದ ದೂರ ಸರಿದು ಹಗ್ಗವನ್ನು ಓರೆಯಾಗಿ ಹಿಡಿಯಿರಿ. ಓರೆ ಹೆಚ್ಚಿದಷ್ಟೂ ಕೊನೆ ನಿಧಾನವಾಗಿ ಬರುತ್ತದೆ, ಹಗ್ಗ ನೆಟ್ಟಗಾದಷ್ಟೂ ರಭಸ ಜಾಸ್ತಿ. ಬುಡಕ್ಕೆ ಹತ್ತಿರ ನಿಂತರೆ ಹಗ್ಗ ನೆಟ್ಟಗಾಗುತ್ತದೆ, ಕೊನೆ ಸೀದಾ ಎದೆಗೆ ಬರುತ್ತದೆ. ಹಗ್ಗವನ್ನು ಕೈಗೋ ಸೊಂಟಕ್ಕೋ ಎಂದೂ ಸುತ್ತಿಕೊಳ್ಳಬೇಡಿ. ನೀವು ಎಡವಿ ಬಿದ್ದರೆ ಆ ಜಗ್ಗು ಮೇಲಿನವನಿಗೆ ತಗಲುತ್ತದೆ. ಹಿಡಿದ ಹಗ್ಗ ಬೇಕೆಂದಾಗ ಬಿಟ್ಟುಹೋಗುವಂತಿರಬೇಕು. ಕೈಗವಸು ಹಾಕಿಕೊಳ್ಳದಿದ್ದರೆ ಮಧ್ಯಾಹ್ನದೊಳಗೆ ಅಂಗೈ ಸುಲಿದಿರುತ್ತದೆ.

ಉದುರಡಿಕೆ ಹೆಕ್ಕುವವರು ಯಾವಾಗಲೂ ಎರಡು ಸಾಲು ಹಿಂದೆ, ಕೊನೆಗೌಡ ದಾಟಿ ಹೋದ ಕಡೆ ಇರಬೇಕು, ಮುಂದೆ ಅಲ್ಲ. ಕೊನೆ ಇಳಿಯುವ ಮೊದಲು ಅವನು ಕೂಗುತ್ತಾನೆ, ನೀವು ಮರುಕೂಗು ಕೊಟ್ಟ ಮೇಲೆಯೇ ಬಿಡುತ್ತಾನೆ. ಈ ಕೂಗು ಹಳೆಯ ಕಾಲದ ಶಾಸ್ತ್ರವಲ್ಲ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡವರು ಅದನ್ನು ಮುರಿಯುತ್ತಾರೆ. ಮೇಲೆ ನೋಡುವಾಗ ಕಣ್ಣಿಗೆ ಧೂಳು, ಸಿಪ್ಪೆ, ಬಿಡಿ ಅಡಿಕೆ ಬೀಳುತ್ತದೆ. ಸಾದಾ ಪಾರದರ್ಶಕ ಕನ್ನಡಕ ಸಾಕು.

ದೋಟಿ ಮತ್ತು ತಂತಿ

ಮರ ಹತ್ತುವವರು ಕಡಿಮೆಯಾದಂತೆ ದೋಟಿ ಬಂತು. ಹತ್ತುವ ಯಂತ್ರಗಳೂ ಬಂದವು. ಬಂಟ್ವಾಳ ಕಡೆಯ ರೈತರೊಬ್ಬರು ಮಾಡಿದ ಮರ ಏರುವ ಬೈಕು 2019ರಲ್ಲಿ ದೇಶವೆಲ್ಲ ಸುದ್ದಿಯಾಯಿತು. ಮರದಿಂದ ಬೀಳುವ ಅಪಾಯವನ್ನು ದೋಟಿ ನಿಜಕ್ಕೂ ತಪ್ಪಿಸುತ್ತದೆ. ಬದಲಿಗೆ ಇನ್ನೊಂದನ್ನು ತರುತ್ತದೆ: ಅರವತ್ತು ಅಡಿ ಉದ್ದದ ಕೋಲು, ಅದರ ತುದಿಯಲ್ಲಿ ಕಬ್ಬಿಣದ ಕತ್ತಿ, ಬುಡದಲ್ಲಿ ಒದ್ದೆ ನೆಲದ ಮೇಲೆ ನಿಂತ ಮನುಷ್ಯ.

ಅಲ್ಯೂಮಿನಿಯಂ ದೋಟಿ ಕರೆಂಟು ಹರಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತು. "ಇದು ಫೈಬರ್ ದೋಟಿ, ಏನೂ ಆಗುವುದಿಲ್ಲ" ಎಂಬ ಮಾತು ಮಾತ್ರ ತಪ್ಪು, ಪ್ರಾಣಾಂತಿಕ ತಪ್ಪು. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಕಾರ್ಬನ್ ಫೈಬರ್. ಕಾರ್ಬನ್ ವಿದ್ಯುತ್ ವಾಹಕ. ಹಸಿ ಬಿದಿರಿನ ದೋಟಿಯೂ, ಮಳೆ ನೀರು ಹತ್ತಿದ ಒಣ ಬಿದಿರೂ ನಂಬಿಕೆಗೆ ಅರ್ಹವಲ್ಲ. 11 ಸಾವಿರ ವೋಲ್ಟಿನ ಲೈನಾದರೆ ತಾಗಲೇಬೇಕೆಂದಿಲ್ಲ, ತೀರಾ ಹತ್ತಿರ ಹೋದರೂ ಹಾರಿ ಹಿಡಿಯುತ್ತದೆ.

ನಾನು ಒಪ್ಪುವ ಲೆಕ್ಕ ಇದು: ದೋಟಿ ಕೈತಪ್ಪಿ ತಂತಿಯ ಕಡೆಗೇ ಉದ್ದಕ್ಕೆ ಬಿದ್ದರೂ ಅದರ ತುದಿ ತಂತಿಗೆ ಎಟುಕಬಾರದು, ನಡುವೆ ಇನ್ನೂ ಹತ್ತು ಅಡಿ ಉಳಿಯಬೇಕು. ಅಷ್ಟು ಜಾಗವಿಲ್ಲದ ಮರಗಳನ್ನು ಬಿಟ್ಟುಬಿಡಿ. ಬೇಕೇ ಬೇಕೆಂದರೆ ಲೈನ್‌ಮನ್‌ಗೆ ಹೇಳಿ ಲೈನ್ ತೆಗೆಸಿ, ಅವನೇ ತೆಗೆದಿದ್ದೇನೆ ಎಂದು ಹೇಳಿದ ಮೇಲೆ ಶುರುಮಾಡಿ. "ಈಗ ಕರೆಂಟ್ ಹೋಗಿದೆ, ಬೇಗ ಮುಗಿಸೋಣ" ಎನ್ನಬೇಡಿ. ಹೋದ ಕರೆಂಟು ಯಾವ ಗಳಿಗೆಯಲ್ಲಿ ಬರುತ್ತದೆಂದು ಮಲೆನಾಡಿನಲ್ಲಿ ಯಾರೂ ಹೇಳಲಾರರು. ಒಂದು ಸಾಲಿನಿಂದ ಇನ್ನೊಂದಕ್ಕೆ ಹೋಗುವಾಗ ದೋಟಿಯನ್ನು ಮಡಚಿ, ಅಡ್ಡ ಮಲಗಿಸಿ ಒಯ್ಯಬೇಕು. ಎತ್ತಿ ಹಿಡಿದೇ ನಡೆಯುವ ಅಭ್ಯಾಸವಿದ್ದವರ ಜೊತೆ ಕೆಲಸ ಮಾಡಬೇಡಿ, ಅವರು ಎಷ್ಟೇ ನುರಿತವರಾಗಿರಲಿ.

ಕೆಳಗೆ, ಬೀಳುವ ಕೊನೆಗೆ ಬಲೆ ಹಿಡಿಯುವ ಸರದಿ ನಿಮ್ಮದಾದರೆ ಬಲೆಯ ಅಂಚಿನಲ್ಲಿರಿ, ದೋಟಿಯವನ ಮುಖ ನೋಡುತ್ತಿರಿ, ಒಂದು ಕೈ ದೋಟಿಗೆ ಆಸರೆ ಕೊಡಲು ಹೋಗಬೇಡಿ.

ತಂತಿ ತಾಗಿ ಒಬ್ಬ ಬಿದ್ದರೆ ಓಡಿಹೋಗಿ ಹಿಡಿಯುವುದೇ ಮನುಷ್ಯ ಸಹಜ. ಹಾಗೆ ಹಿಡಿದವರೂ ಹೋಗುತ್ತಾರೆ. ಮನೆಯ ಲೈನಾದರೆ ಮೇನ್ ಸ್ವಿಚ್ ತೆಗೆಯಿರಿ. ಹೈಟೆನ್ಷನ್ ಆದರೆ ಮೂವತ್ತು ಅಡಿಗಿಂತ ಹತ್ತಿರ ಹೋಗದೆ 1912ಕ್ಕೂ ಲೈನ್‌ಮನ್‌ಗೂ ಫೋನ್ ಮಾಡಿ, ಲೈನ್ ಹೋಗಿದೆ ಎಂದು ಖಾತ್ರಿಯಾದ ಮೇಲೆ ಮುಟ್ಟಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಕೈಯಿಂದ, ನಿಮಿಷಕ್ಕೆ 100ರಿಂದ 120 ಸಲ, ಗಟ್ಟಿಯಾಗಿ ಒತ್ತುತ್ತಿರಿ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ, ಸುಸ್ತಾದರೆ ಇನ್ನೊಬ್ಬರು ಕೈ ಬದಲಿಸಲಿ.

ಯಾರಾದರೂ ಬಿದ್ದರೆ

ಮರದಿಂದ ಬಿದ್ದವನನ್ನು ಎರಡು ಕಂಕುಳಿಗೆ ಕೈಹಾಕಿ ಎಬ್ಬಿಸಿ, ನೀರು ಕುಡಿಸಿ, ಪಿಕಪ್ಪಿನಲ್ಲಿ ಕುಳ್ಳಿರಿಸಿ ಒಯ್ಯುವುದು ಊರಿನ ರೂಢಿ. ಬೆನ್ನುಮೂಳೆ ಮುರಿದಿದ್ದರೆ, ಕಾಲು ಉಳಿಯಬಹುದಾಗಿದ್ದವನ ಕಾಲು ಈ ಎಬ್ಬಿಸುವಿಕೆಯಲ್ಲೇ ಹೋಗಬಹುದು. ಅವನು "ಏನಾಗಿಲ್ಲ" ಎಂದರೂ ಏಳಲು ಬಿಡಬೇಡಿ. ಒಬ್ಬರು ತಲೆಯ ಬಳಿ ಕೂತು ಎರಡೂ ಕೈಯಿಂದ ತಲೆ ಅಲುಗದಂತೆ ಹಿಡಿಯಿರಿ, ಇನ್ನೊಬ್ಬರು 108ಕ್ಕೆ ಹೇಳಿ. ರಕ್ತ ಸುರಿಯುತ್ತಿದ್ದರೆ ಬಟ್ಟೆಯಿಂದ ಒತ್ತಿ ಹಿಡಿಯಿರಿ. ನೀರು, ಕಾಫಿ ಏನೂ ಬೇಡ. ರಸ್ತೆಯವರೆಗೆ ಹೊರಲೇಬೇಕಾದರೆ ಒಂದು ಬಾಗಿಲು ಅಥವಾ ಪ್ಲೈವುಡ್ ಹಲಗೆ ತನ್ನಿ. ನಾಲ್ಕು ಜನ ಸೇರಿ ತಲೆ, ಬೆನ್ನು, ಸೊಂಟ, ಕಾಲು ಒಂದೇ ಗೆರೆಯಲ್ಲಿರುವಂತೆ ಒಟ್ಟಿಗೆ ಹೊರಳಿಸಿ ಹಲಗೆಗೆ ಮಲಗಿಸಿ ಕಟ್ಟಿ.

ಇನ್ನೊಂದು ಮಾತು. ನಿಮ್ಮ ತೋಟದ ಮರ ಹತ್ತುವವನಿಗೆ ವಿಮೆ ಇದೆಯೇ ಎಂದು ಕೇಳಿದ್ದೀರಾ? ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಕಂತು ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸಾವಾದರೆ ಅಥವಾ ಪೂರ್ಣ ಅಂಗವಿಕಲತೆ ಬಂದರೆ 2 ಲಕ್ಷ ಸಿಗುತ್ತದೆ, 18ರಿಂದ 70 ವರ್ಷದವರಿಗೆ, ಬ್ಯಾಂಕ್ ಅಥವಾ ಅಂಚೆ ಖಾತೆ ಇದ್ದರಾಯಿತು. ಎರಡು ಲಕ್ಷ ದೊಡ್ಡ ಮೊತ್ತವೇನಲ್ಲ, ಒಪ್ಪುತ್ತೇನೆ. ಅದೂ ಇಲ್ಲದೆ ಹತ್ತುವವರೇ ಹೆಚ್ಚು. ಫೋನಿನಲ್ಲಿ ಫಾರ್ಮ್ ತುಂಬುವುದು ನಿಮಗೆ ಬರುತ್ತದೆ, ಇದೊಂದು ಕೆಲಸ ಮಾಡಿಕೊಟ್ಟು ಬನ್ನಿ.

ಹೊರುವುದು, ಹೆಕ್ಕುವುದು, ಹಾವು

ಬಿದ್ದ ಸೋಗೆ, ಹಾಳೆ, ದರಕಿನ (ಒಣಗಿದ ಎಲೆಯ) ಅಡಿಯಲ್ಲಿ ತಂಪಿರುತ್ತದೆ, ಕಪ್ಪೆ ಇಲಿ ಇರುತ್ತವೆ, ಹಾವೂ ಇರುತ್ತದೆ. ಬರಿಗೈ ಹಾಕುವ ಮೊದಲು ಕೋಲಿನಿಂದ ಸರಿಸಿ. ರಾತ್ರಿ ಅಂಗಳದಲ್ಲಿ ಬಿಟ್ಟ ಕೊನೆರಾಶಿಯನ್ನು ಬೆಳಿಗ್ಗೆ ತೆಗೆಯುವಾಗಲೂ ಹಾಗೆಯೇ.

ಕಚ್ಚಿದರೆ ಮಾಡುವುದು ಸ್ವಲ್ಪ, ಮಾಡಬಾರದ್ದೇ ಹೆಚ್ಚು. ಉಂಗುರ, ಗೆಜ್ಜೆ, ವಾಚು ಕೂಡಲೇ ತೆಗೆಯಿರಿ, ಊತ ಬಂದ ಮೇಲೆ ತೆಗೆಯಲಾಗದು. ಕಚ್ಚಿದ ಕೈಕಾಲಿಗೆ ದಬ್ಬೆ ಕಟ್ಟಿ ಅಲುಗದಂತೆ ಮಾಡಿ, ನಡೆಸಬೇಡಿ, ಸೀದಾ ಆಸ್ಪತ್ರೆ. ಕೊಯ್ಯುವುದು, ಹೀರುವುದು, ಹಗ್ಗದಿಂದ ಬಿಗಿಯುವುದು ಬೇಡ. ನಾಟಿ ಮದ್ದಿಗೆಂದು ಒಂದು ತಾಸು ಕಳೆಯುವುದಂತೂ ಬೇಡವೇ ಬೇಡ. ನಮ್ಮಲ್ಲಿ ಸಿಗುವ ಚುಚ್ಚುಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾತ್ರ. ಮಲೆನಾಡಿನ ಗುಳಿಮಂಡಲಗಳಿಗೆ ಅದು ನಾಟುವುದಿಲ್ಲ, ಅವಕ್ಕೆ ಬೇರೆ ರೀತಿಯ ಆರೈಕೆ ಬೇಕು. ಆದ್ದರಿಂದ ದೂರದಿಂದ ಒಂದು ಫೋಟೊ ಸಿಕ್ಕಿದರೆ ವೈದ್ಯರಿಗೆ ಉಪಕಾರ. ಅದಕ್ಕಾಗಿ ಹಾವಿನ ಬೆನ್ನು ಹತ್ತಬೇಡಿ. ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರಲ್ಲಿ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿದೆ.

ಸುಲಿಯುವುದು

ಕಾಲಲ್ಲಿ ಮೆಟ್ಟಿ ಹಿಡಿದು ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂರುವಾಗ ಅವಸರ ಬಿಟ್ಟು ಕೂರಿ. ಪಕ್ಕದಲ್ಲಿ ಕೂತ ಹೆಂಗಸು ಮಾತಾಡುತ್ತಾ, ನಗುತ್ತಾ, ಅಲಗನ್ನು ನೋಡದೆಯೇ ಡಬ್ಬದ ಮೇಲೆ ಡಬ್ಬ ಸುಲಿಯುತ್ತಾಳೆ. ಅವಳ ಹೆಬ್ಬೆರಳು ಯಾವಾಗಲೂ ಅಲಗಿನ ಹಿಂದೆಯೇ ಇರುತ್ತದೆ, ನಿಮ್ಮದು ಮುಂದಕ್ಕೆ ಬರುತ್ತದೆ. ಮೊದಲ ದಿನ ಅವಳ ಕೈಯನ್ನು ನೋಡಿ, ವೇಗವನ್ನಲ್ಲ. ಕತ್ತಿಯಿಂದ ಏಳುವಾಗ ಅಲಗಿಗೆ ಗೋಣಿ ಹೊದಿಸಿ. ರಾತ್ರಿ ಕತ್ತಲಲ್ಲಿ ಎಡವಿದವರಿಗೆ ಆಗುವ ಗಾಯ ಸುಲಿಯುವಾಗ ಆಗುವುದಕ್ಕಿಂತ ದೊಡ್ಡದು.

ಯಂತ್ರದ ಬಳಿ ಬೇರೆ ನಿಯಮ. ಶಾಲು, ದುಪಟ್ಟಾ, ಸಡಿಲ ಸೆರಗು, ಬಿಟ್ಟ ಜಡೆ, ಕುತ್ತಿಗೆಯ ದಾರ ಯಾವುದೂ ಇರಬಾರದು. ಬೆಲ್ಟಿನ ಮೇಲಿನ ಮುಚ್ಚಳ ತೆಗೆದಿಟ್ಟಿದ್ದರೆ ಮೊದಲು ಅದನ್ನು ಹಾಕಿಸಿ. ಅಡಿಕೆ ಸಿಕ್ಕಿಕೊಂಡು ಯಂತ್ರ ನಿಂತರೆ ಪ್ಲಗ್ ಕಿತ್ತ ಮೇಲೆಯೇ ಕೈ ಹಾಕುವುದು. ಸ್ವಿಚ್ ತೆಗೆದರೆ ಸಾಲದು, ಏಕೆಂದರೆ ಸ್ವಿಚ್ ಹಾಕಲು ಇನ್ನೊಬ್ಬರ ಕೈ ಇರುತ್ತದೆ.

ಬೇಯಿಸುವ ಒಲೆ

ಹಣ್ಣಡಿಕೆಯನ್ನು ಸಿಪ್ಪೆಸಮೇತ ಒಣಗಿಸಿ ಚಾಲಿ ಮಾಡುವ ಮನೆಗಳಲ್ಲಿ ಈ ಹಂತವಿಲ್ಲ. ಹಸಿ ಅಡಿಕೆ ಸುಲಿದು ಬೇಯಿಸುವ ಕೆಂಪಡಿಕೆಯ ಮನೆಗಳಲ್ಲಿ ಇದೇ ದೊಡ್ಡ ಹಂತ. ಕೊತಕೊತ ಕುದಿಯುವ ಹಂಡೆ, ಸುತ್ತ ಚೊಗರು (ಅಡಿಕೆ ಬೆಂದ ದಪ್ಪ ರಸ) ಚೆಲ್ಲಿ ಜಾರುವ ನೆಲ, ಹೊಗೆಗೆ ಉರಿಯುವ ಕಣ್ಣು, ಮೇಲಿಂದ ನಿದ್ದೆಗೆಟ್ಟ ಜನ. ಶುರುಮಾಡುವ ಮೊದಲೇ ಒಲೆಯ ಸುತ್ತ ಒಣ ಮಣ್ಣು ಅಥವಾ ಉಮಿ ಹರಡಿ. ಬೆಂದ ಅಡಿಕೆ ಎತ್ತುವ ಜಾಗಕ್ಕೂ ಸೌದೆ ಒಟ್ಟುವ ಜಾಗಕ್ಕೂ ನಡುವೆ ಯಾರೂ ಅಡ್ಡಾಡದಂತೆ ದಾರಿ ಬೇರೆ ಮಾಡಿ. ತುಂಬಿದ ಜಾಲರಿ ಸೌಟನ್ನು ಒಬ್ಬರೇ ಎತ್ತಬೇಡಿ.

ಮೈಮೇಲೆ ಬಿದ್ದರೆ ಚೊಗರು ನೀರಿನ ಹಾಗೆ ಹರಿದುಹೋಗುವುದಿಲ್ಲ, ದಪ್ಪಗಿದ್ದು ಚರ್ಮಕ್ಕೆ ಹತ್ತಿಕೊಳ್ಳುತ್ತದೆ. ತಕ್ಷಣ ಹರಿಯುವ ತಣ್ಣೀರಿನಡಿ ಇಪ್ಪತ್ತು ನಿಮಿಷ ಹಿಡಿಯಿರಿ. ಇಪ್ಪತ್ತು ನಿಮಿಷ ಬಹಳ ದೀರ್ಘ ಎನಿಸುತ್ತದೆ, ಗಡಿಯಾರ ನೋಡಿಕೊಳ್ಳಿ. ಬಳೆ, ಉಂಗುರ ತೆಗೆಯಿರಿ. ಅಂಟಿಕೊಂಡ ಬಟ್ಟೆ ಕೀಳಬೇಡಿ. ಅರಿಸಿನ, ಬೆಣ್ಣೆ, ಟೂತ್‌ಪೇಸ್ಟ್, ಇಂಕು ಹಚ್ಚಬೇಡಿ. ಅಂಗೈ ಅಗಲಕ್ಕಿಂತ ದೊಡ್ಡ ಗಾಯ, ಅಥವಾ ಮುಖ, ಕೈ, ಕೀಲಿನ ಮೇಲಿನ ಗಾಯ ಎಷ್ಟೇ ಸಣ್ಣದಿದ್ದರೂ ವೈದ್ಯರಿಗೆ ತೋರಿಸಬೇಕು.

ಮಳೆ ಹಿಡಿದಾಗ ಸೌದೆ ಒಲೆಯ ಡ್ರೈಯರ್ ಹಚ್ಚಿದ ಕೋಣೆಯಲ್ಲಿ ಕಾವಲಿಗೆಂದು ಮಲಗುವವರಿದ್ದಾರೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಏಳುವ ಇಂಗಾಲದ ಮೊನಾಕ್ಸೈಡಿಗೆ ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ. ಹೊರಗೆ ಮಲಗಿ.

ಅಟ್ಟ

ಮೋಡ ಕಟ್ಟಿದ ಕೂಡಲೇ ಅಡಿಕೆ ಒಣಹಾಕಿದ ಅಟ್ಟಕ್ಕೆ ಓಡುತ್ತೇವಲ್ಲ, ಆಗಲೇ ಕಾಲು ಮುರಿಯುವುದು. ಅಡಿಕೆ ಮರ ಸೀಳಿದ ದಬ್ಬೆಯ ಅಟ್ಟದಲ್ಲಿ ಕಾಲಿಡಬೇಕಾದದ್ದು ಕೆಳಗೆ ಅಡ್ಡತೊಲೆ ಇರುವ ಕಡೆ. ತೊಲೆಗಳ ಗೆರೆಯನ್ನು ಸುಣ್ಣದಿಂದ ಗುರುತು ಮಾಡಿಡಿ. ಶೀಟಿನ ಮಾಡಿನ ಮೇಲೆ ಹತ್ತಲೇಬೇಡಿ. ಮಿಂಚು ಶುರುವಾಗಿದ್ದರೆ ಅಡಿಕೆ ನೆನೆಯಲಿ ಬಿಡಿ, ಇನ್ನೊಂದು ಬಿಸಿಲಿಗೆ ಒಣಗುತ್ತದೆ.

ಮಕ್ಕಳು

ರಜೆಗೆ ಬಂದ ಮಕ್ಕಳು ತೋಟಕ್ಕೆ ಬರಲಿ, ಬರಬಾರದು ಎನ್ನುವವನಲ್ಲ ನಾನು. 2016ರ ತಿದ್ದುಪಡಿಯ ನಂತರದ ಬಾಲಕಾರ್ಮಿಕ ಕಾನೂನು ಕೂಡ ಹದಿನಾಲ್ಕರೊಳಗಿನ ಮಕ್ಕಳು ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಮನೆಯ ಕೆಲಸಕ್ಕೆ ಕೈಜೋಡಿಸುವುದನ್ನು ಒಪ್ಪುತ್ತದೆ, ಅಪಾಯದ ಕೆಲಸವನ್ನು ಮಾತ್ರ ಬಿಟ್ಟು. ಒಣಗಿದ ಅಡಿಕೆ ಆರಿಸುವುದು, ಕೆಲಸದವರಿಗೆ ಮಜ್ಜಿಗೆ ಕೊಡುವುದು, ಅಂಗಳದಲ್ಲಿ ಕೈಯಾಡಿಸುವುದು ಸರಿ. ಕೊಯ್ಯುತ್ತಿರುವ ಸಾಲು, ಮೆಟ್ಟುಗತ್ತಿ, ಯಂತ್ರ, ಹಂಡೆ ಈ ನಾಲ್ಕರ ಬಳಿ ಅವರು ಸುಳಿಯಬಾರದು. ಅವರನ್ನು ನೋಡಿಕೊಳ್ಳಲು ಬೇರೆ ಕೆಲಸ ಹೊತ್ತಿರದ ಒಬ್ಬರು ಬೇಕು. "ಎಲ್ಲರೂ ನೋಡಿಕೊಳ್ಳುತ್ತೇವೆ" ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ.

ಉಣುಗು, ಜ್ವರ, ಮತ್ತು ವಾಪಸು ಬಂದ ಮೇಲಿನ ಎರಡು ವಾರ

ಕ್ಯಾಸನೂರು ಕಾಡಿನ ಕಾಯಿಲೆ, ಜನರ ಬಾಯಲ್ಲಿ ಮಂಗನ ಕಾಯಿಲೆ, 1957ರಲ್ಲಿ ಮೊದಲು ಪತ್ತೆಯಾದದ್ದು ಸೊರಬ ತಾಲ್ಲೂಕಿನಲ್ಲೇ. ಹರಡುವುದು ಉಣುಗಿನಿಂದ, ಅಂದರೆ ಮೈಗೆ ಹತ್ತಿ ರಕ್ತ ಹೀರುವ ಸಣ್ಣ ಹುಳದಿಂದ. ನವೆಂಬರ್–ಡಿಸೆಂಬರಿನಿಂದ ಬೇಸಿಗೆಯವರೆಗೆ ಅದರ ಕಾಲ, ಅಂದರೆ ನಮ್ಮ ಕೊಯ್ಲಿನದೇ ಕಾಲ. ತೋಟಕ್ಕಿಂತ ಸೊಪ್ಪಿನ ಬೆಟ್ಟ, ದರಕು ಗುಡಿಸುವ ಕಾಡಂಚು ಹೆಚ್ಚು ಅಪಾಯ. ಅಲ್ಲಿಗೆ ಹೋಗುವ ಮೊದಲು ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿ, ಪ್ಯಾಂಟನ್ನು ಸಾಕ್ಸಿನೊಳಗೆ ಸಿಕ್ಕಿಸಿ. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸಾಬೂನು ಹಚ್ಚಿ ಮೀಯಿರಿ. ಕಂಕುಳು, ತೊಡೆಸಂದು, ಕಿವಿಯ ಹಿಂದೆ ಕೈಯಾಡಿಸಿ ನೋಡಿ. ಮಂಗ ಸತ್ತದ್ದು ಕಂಡರೆ ಮುಟ್ಟದೆ ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ.

ಉಣುಗು ಕಚ್ಚಿ ಸಾಮಾನ್ಯವಾಗಿ ಮೂರರಿಂದ ಎಂಟು ದಿನಕ್ಕೆ ಜ್ವರ ಏರುತ್ತದೆ. ಅಷ್ಟು ಹೊತ್ತಿಗೆ ನೀವು ಬೆಂಗಳೂರಿನ ಆಫೀಸಿನಲ್ಲಿರುತ್ತೀರಿ. ತಲೆ ಸಿಡಿಯುವ ನೋವು, ಮೈಕೈ ಮುರಿದಂತೆ ನೋವು, ಇದ್ದಕ್ಕಿದ್ದಂತೆ ಬಂದ ಜ್ವರ. ನಗರದ ವೈದ್ಯರು ಡೆಂಗಿಗೆ, ಟೈಫಾಯ್ಡಿಗೆ ಪರೀಕ್ಷೆ ಬರೆಯುತ್ತಾರೆ. ಮಲೆನಾಡಿನ ತೋಟದಲ್ಲಿ ಇದ್ದು ಬಂದಿದ್ದೇನೆ ಎಂದು ನೀವು ಹೇಳದಿದ್ದರೆ ಮಂಗನ ಕಾಯಿಲೆಯ ಹೆಸರು ಅವರ ತಲೆಗೆ ಹೊಳೆಯುವುದು ಕಷ್ಟ. ಕಾದಿಗೆಯ ನೀರಿನಲ್ಲಿ ಬರಿಗಾಲಲ್ಲಿ ನಿಂತಿದ್ದರೆ ಇಲಿಜ್ವರದ ಸಾಧ್ಯತೆಯನ್ನೂ ಹೇಳಿ, ಅದಕ್ಕೆ ಮೊದಲ ದಿನಗಳಲ್ಲೇ ಔಷಧಿ ಸಿಕ್ಕಿದರೆ ಗುಣವಾಗುತ್ತದೆ. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನೀವಾಗಿಯೇ ನುಂಗಬೇಡಿ, ರಕ್ತಸ್ರಾವದ ಭಯವಿರುತ್ತದೆ. ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಬಂದರೆ, ಕಣ್ಣು ಮಂಜಾದರೆ, ತಲೆ ತಿರುಗಿದರೆ ಅದೇ ಕಾಯಿಲೆಯ ಎರಡನೇ ಸುತ್ತು ಇರಬಹುದು, ಮತ್ತೆ ಆಸ್ಪತ್ರೆಗೆ ಹೋಗಿ. ಊರಿಗೂ ಒಂದು ಫೋನ್ ಮಾಡಿ, ಅಲ್ಲಿ ಯಾರಿಗಾದರೂ ಜ್ವರ ಬಂದಿದೆಯೇ ಎಂದು ಕೇಳಿ.